ವೈದ್ಯಕೀಯ ಮೊದಲ ವರ್ಷದ ಫಿಸಿಯಾಲಜಿ: ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ಯಾವ ಕ್ರಮದಲ್ಲಿ ಓದಬೇಕು?

ಮೊದಲ ಇಂಟರ್ನಲ್ಸ್ (ಕಾಲೇಜಿನ ಒಳಗಿನ ಪರೀಕ್ಷೆ) ಮುಗಿದ ವಾರ ಕಾರವಾರದಲ್ಲಿ ನನ್ನ ಹತ್ತಿರ ಬರುವ ಮಕ್ಕಳು ಹೇಳುವ ಮಾತು ಪ್ರತಿ ವರ್ಷ ಒಂದೇ. "ಮೇಡಂ, ಹಾರ್ಟ್ ಮೂರು ಸಲ ಓದಿದ್ದೆ. ಪ್ರಶ್ನೆ ನೋಡಿದ ತಕ್ಷಣ ಎಲ್ಲ ಮರೆತುಹೋಯ್ತು." ಶಿರಸಿಯಿಂದ ಬಂದವರು, ಅಂಕೋಲಾದವರು, ಹಳಿಯಾಳದವರು, ಎಲ್ಲರದೂ ಇದೇ ಕತೆ. ಇವರೆಲ್ಲ ನೀಟ್ ದಾಟಿ ಬಂದವರು. ಓದುವುದಕ್ಕೆ ಸೋಮಾರಿತನ ಮಾಡುವವರಲ್ಲ.

ಅವರ ನೋಟ್‌ಬುಕ್ ತೆರೆದರೆ ತಪ್ಪು ಕಾಣುತ್ತದೆ. ಅನಾಟಮಿ (ದೇಹದ ರಚನೆ) ಓದಿದ ಹಾಗೆಯೇ ಫಿಸಿಯಾಲಜಿ (ದೇಹ ಕೆಲಸ ಮಾಡುವ ಬಗೆ) ಓದಿರುತ್ತಾರೆ. ಅನಾಟಮಿಯಲ್ಲಿ ಹೆಸರು, ಜಾಗ, ಅಕ್ಕಪಕ್ಕ ಏನಿದೆ ಅನ್ನುವುದು ನೆನಪಿದ್ದರೆ ಅರ್ಧ ಕೆಲಸ ಆಯಿತು. ಫಿಸಿಯಾಲಜಿ ಕೇಳುವ ಪ್ರಶ್ನೆ ಬೇರೆ: ಇದೊಂದು ಬದಲಾದರೆ ಮುಂದೆ ಏನಾಗುತ್ತದೆ? ರೆನಿನ್ (ಕಿಡ್ನಿ ರಕ್ತಕ್ಕೆ ಬಿಡುವ ಒಂದು ಕಿಣ್ವ) ಅಂದರೇನು ಅಂತ ಕೇಳಿದರೆ ಪಟಪಟ ಹೇಳುವ ಹುಡುಗಿ, "ಬಿಪಿ ಇಳಿದರೆ ಕಿಡ್ನಿ ಏನು ಮಾಡುತ್ತದೆ?" ಅಂದರೆ ಸುಮ್ನೆ ನಿಲ್ಲುತ್ತಾಳೆ. ಎರಡಕ್ಕೂ ಉತ್ತರ ಒಂದೇ ಪುಟದಲ್ಲಿದೆ. ನಾನೂ ನನ್ನ ಮೊದಲ ವರ್ಷದಲ್ಲಿ ಹೀಗೇ ಓದಿ ಒಂದು ಇಂಟರ್ನಲ್ಸ್ ಕಳೆದುಕೊಂಡವಳು. ಆಗ ಈ ಕ್ರಮವನ್ನು ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ಮೊದಲು ಕೈಗೆ ಬೇಕಾದದ್ದು

ಒಂದೇ ಒಂದು ಪಠ್ಯಪುಸ್ತಕ. ನಿಮ್ಮ ಅಧ್ಯಾಪಕರು ಹೇಳಿದ್ದು ಯಾವುದಾದರೂ ಆಗಲಿ, ವರ್ಷವಿಡೀ ಅದೇ ಇರಲಿ. ಮೂರು ಪುಸ್ತಕ ಕೊಂಡವರು ಮೂರರಲ್ಲೂ ಮೊದಲ ಅಧ್ಯಾಯ ಮಾತ್ರ ಓದಿರುವುದನ್ನು ನೋಡಿದ್ದೇನೆ.

ಗೆರೆ ಇಲ್ಲದ ದಪ್ಪ ನೋಟ್‌ಬುಕ್ ಒಂದು, ಪೆನ್ಸಿಲ್, ರಬ್ಬರ್, ಎರಡು ಬಣ್ಣದ ಪೆನ್ನು, ಸೆಕೆಂಡ್ ಮುಳ್ಳಿರುವ ವಾಚು. ಹಳೆ ಗೋಡೆ ಕ್ಯಾಲೆಂಡರ್ ಮನೆಯಲ್ಲಿದ್ದರೆ ತನ್ನಿ. ಅದರ ಹಿಂಬದಿಯ ಬಿಳಿ ಹಾಳೆಯಷ್ಟು ಚೆನ್ನಾಗಿ ದೊಡ್ಡ ಚಿತ್ರ ಬಿಡಿಸಲು ಬೇರೆ ಯಾವುದೂ ಇಲ್ಲ. ಹೈಲೈಟರ್ ಬೇಡ. ಇದ್ದರೂ ಮೊದಲ ಮೂರು ತಿಂಗಳು ಟ್ರಂಕಿನಲ್ಲಿರಲಿ.

ಹಂತ 1: ಜೀವಕೋಶದ ಪೊರೆಯಿಂದಲೇ ಶುರು ಮಾಡಿ

ಹೆಚ್ಚಿನವರು ಜನರಲ್ ಫಿಸಿಯಾಲಜಿಯನ್ನು (ಜೀವಕೋಶ ಹೇಗೆ ಕೆಲಸ ಮಾಡುತ್ತದೆ ಅನ್ನುವ ಮೊದಲ ಭಾಗ) ಹಾರಿಸಿ ಹೃದಯಕ್ಕೆ ಓಡುತ್ತಾರೆ. ಅದು ಆಸಕ್ತಿಯ ವಿಷಯ ನಿಜ. ಆದರೆ ಹೃದಯದ ಬಡಿತ, ನರದ ಸಂದೇಶ, ಕಿಡ್ನಿಯಲ್ಲಿ ನೀರು ವಾಪಸ್ ಬರುವುದು, ಎಲ್ಲವೂ ನಿಂತಿರುವುದು ಎರಡು ವಿಷಯಗಳ ಮೇಲೆ: ನೀರು ಪೊರೆ ದಾಟುವುದು ಹೇಗೆ, ಅಯಾನು (ಚಾರ್ಜ್ ಹೊತ್ತ ಕಣ) ಪೊರೆ ದಾಟುವುದು ಹೇಗೆ. ಮೊದಲ ಎರಡು ವಾರ ಇದಕ್ಕೇ ಕೊಡಿ.

ನೀರಿನದ್ದು ನಮ್ಮ ಕಡೆಯ ಮಕ್ಕಳಿಗೆ ಹೊಸದೇನಲ್ಲ. ಅಪ್ಪೆಮಿಡಿಯನ್ನು ಹರಳುಪ್ಪಿನಲ್ಲಿ ಹಾಕಿಟ್ಟು ಕೆಲವು ದಿನ ಬಿಟ್ಟು ನೋಡಿದರೆ ಏನಾಗಿರುತ್ತದೆ? ಮಿಡಿ ಸುಕ್ಕುಗಟ್ಟಿರುತ್ತದೆ, ಭರಣಿಯಲ್ಲಿ ನೀರು ನಿಂತಿರುತ್ತದೆ. ನೀರು ಯಾರೂ ಹಾಕಿದ್ದಲ್ಲ, ಮಿಡಿಯ ಒಳಗಿನಿಂದಲೇ ಬಂದದ್ದು. ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹೋಯಿತು. ಕೆಂಪು ರಕ್ತಕಣವನ್ನು ಶೇ. 3ರ ಉಪ್ಪು ನೀರಿಗೆ ಹಾಕಿದರೆ ಅದೂ ಹೀಗೇ ಸುಕ್ಕಾಗುತ್ತದೆ. ಶೇ. 0.9ರಲ್ಲಿ ಇದ್ದ ಹಾಗೇ ಇರುತ್ತದೆ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಉಬ್ಬಿ ಒಡೆಯುತ್ತದೆ. ಡ್ರಿಪ್ಪಿಗೆ ಯಾವ ನೀರು ಹಾಕಬೇಕು, ಯಾವುದು ಹಾಕಬಾರದು ಅನ್ನುವ ದೊಡ್ಡ ಪ್ರಶ್ನೆಗೆ ಬೇರು ಇಲ್ಲೇ ಇದೆ.

ಅಯಾನಿನದ್ದು ಸ್ವಲ್ಪ ಕಷ್ಟ, ಹಾಗಾಗಿ ನಿಧಾನವಾಗಿ ನೋಡಿ. ಕೋಶದ ಹೊರಗೆ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಪೊಟ್ಯಾಸಿಯಂ 4. ಒಳಗೆ ಉಲ್ಟಾ: ಪೊಟ್ಯಾಸಿಯಂ ಸುಮಾರು 140, ಸೋಡಿಯಂ 14. ಈ ವ್ಯತ್ಯಾಸ ಕಾಯುವುದು ಸೋಡಿಯಂ-ಪೊಟ್ಯಾಸಿಯಂ ಪಂಪು. ಅದು ಪ್ರತಿ ಸಲ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ.

ಇಲ್ಲಿ ಹತ್ತರಲ್ಲಿ ಎಂಟು ಮಕ್ಕಳು ಮಾಡುವ ತಪ್ಪು ಒಂದಿದೆ. "ಪಂಪಿನಿಂದಲೇ ಒಳಗೆ ನೆಗೆಟಿವ್ ಆಗುತ್ತದೆ" ಅಂತ ಬರೆಯುತ್ತಾರೆ. ಪಂಪು ನೇರವಾಗಿ ಕೊಡುವುದು ಕೆಲವೇ ಮಿಲಿವೋಲ್ಟ್. ಹೆಚ್ಚಿನ ಪಾಲು ಬರುವುದು ಪೊಟ್ಯಾಸಿಯಂ ಸೋರಿಕೆಯಿಂದ. ಸುಮ್ಮನಿರುವ ಕೋಶದ ಪೊರೆಯಲ್ಲಿ ಪೊಟ್ಯಾಸಿಯಮ್ಮಿಗೆ ದಾರಿ ಜಾಸ್ತಿ, ಸೋಡಿಯಮ್ಮಿಗೆ ಕಡಿಮೆ. ಪೊಟ್ಯಾಸಿಯಂ ತನ್ನ ಪಾಸಿಟಿವ್ ಚಾರ್ಜ್ ಹೊತ್ತು ಹೊರಗೆ ಹೋಗುತ್ತದೆ, ಒಳಗೆ ನೆಗೆಟಿವ್ ಉಳಿಯುತ್ತದೆ. ಪಂಪಿನ ದೊಡ್ಡ ಕೆಲಸ ಈ ಸೋರಿಕೆಗೆ ಬೇಕಾದ ವ್ಯತ್ಯಾಸವನ್ನು ಉಳಿಸಿಕೊಡುವುದು. ಇದನ್ನು ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲಿ ಹೇಳಲು ಬರುವವರೆಗೆ ಮುಂದೆ ಹೋಗಬೇಡಿ.

ಇದಾದ ಮೇಲೆ ನರ-ಸ್ನಾಯು, ರಕ್ತ, ಹೃದಯ, ಉಸಿರಾಟ, ಕಿಡ್ನಿ. ಹಾರ್ಮೋನುಗಳು ಮತ್ತು ಮೆದುಳು ಕೊನೆಗೆ. ಕ್ಲಾಸಿನ ಕ್ರಮ ಬೇರೆ ಇದ್ದರೆ ಕ್ಲಾಸಿನ ಜೊತೆಗೇ ಹೋಗಿ, ಆದರೆ ಈ ಎರಡು ವಾರದ ಕೆಲಸ ಮಾತ್ರ ಬಿಡಬೇಡಿ.

ಹಂತ 2: ಕೆಲವೇ ಅಂಕಿಗಳು, ಆದರೆ ಗಟ್ಟಿಯಾಗಿ

ಪುಸ್ತಕದಲ್ಲಿರುವ ಎಲ್ಲ ಅಂಕಿ ಬೇಡ. ಒಂದೊಂದು ವ್ಯವಸ್ಥೆಗೆ ನಾಲ್ಕೈದು ಸಾಕು. ಅವು ನಿದ್ದೆಯಲ್ಲಿ ಕೇಳಿದರೂ ಬರಬೇಕು, ಮತ್ತು ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಲು ಬರಬೇಕು.

ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ದೂಡುತ್ತದೆ. ನಿಮಿಷಕ್ಕೆ 72 ಬಡಿತ. ಗುಣಿಸಿ: ಸುಮಾರು 5 ಲೀಟರ್. ಬಿಪಿ 120/80 ಇದ್ದರೆ ಸರಾಸರಿ ಒತ್ತಡ 100 ಅಲ್ಲ. ಕೆಳಗಿನ ಅಂಕಿಗೆ ವ್ಯತ್ಯಾಸದ ಮೂರನೇ ಒಂದು ಪಾಲು ಸೇರಿಸಿ: 80ಕ್ಕೆ 13, ಅಂದರೆ 93. ಯಾಕೆ ಮೂರನೇ ಒಂದು ಪಾಲು? 0.8 ಸೆಕೆಂಡಿನ ಒಂದು ಬಡಿತದಲ್ಲಿ ಹೃದಯ ಕುಗ್ಗಿರುವುದು ಸುಮಾರು 0.3 ಸೆಕೆಂಡ್ ಮಾತ್ರ. ಉಳಿದ ಹೊತ್ತು ಸಡಿಲವಾಗಿಯೇ ಇರುತ್ತದೆ. ಹಾಗಾಗಿ ಸರಾಸರಿ ಕೆಳಗಿನ ಅಂಕಿಯ ಕಡೆಗೆ ವಾಲುತ್ತದೆ.

ಕಿಡ್ನಿಯದ್ದು ನೋಡಿ. ಎರಡೂ ಸೇರಿ ನಿಮಿಷಕ್ಕೆ 125 ಮಿಲಿಲೀಟರ್ ಸೋಸುತ್ತವೆ. ದಿನಕ್ಕೆ 180 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 12 ಕೊಡ. ಮೂತ್ರವಾಗಿ ಹೊರಗೆ ಹೋಗುವುದು ಸುಮಾರು ಒಂದೂವರೆ ಲೀಟರ್. ಉಳಿದದ್ದೆಲ್ಲ ವಾಪಸ್. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರಿಗೆ, ಟ್ಯೂಬ್ಯೂಲಿನ (ಸೋಸಿದ ನೀರನ್ನು ವಾಪಸ್ ಹೀರುವ ಸಣ್ಣ ಕೊಳವೆ) ಕೆಲಸ ಸ್ವಲ್ಪ ಕೆಟ್ಟರೂ ಯಾಕೆ ಅಷ್ಟು ನೀರು ಹೋಗುತ್ತದೆ ಅಂತ ಬೇರೆ ಹೇಳಿಕೊಡಬೇಕಾಗಿಲ್ಲ.

ಯುನಿಟ್ ಇಲ್ಲದ ಅಂಕಿ ಬರೆಯಬೇಡಿ. ವೈವಾದಲ್ಲಿ (ಬಾಯಿ ಪರೀಕ್ಷೆಯಲ್ಲಿ) "125" ಅಂತ ನಿಲ್ಲಿಸಿದರೆ ಮುಂದಿನ ಪ್ರಶ್ನೆ "ಏನು 125?" ಅಂತಲೇ ಬರುತ್ತದೆ.

ಹಂತ 3: ಬಾಣದ ಸರಪಳಿ ಬರೆಯಿರಿ

ಇಡೀ ಕ್ರಮದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡಿಸುವುದು ಇದಕ್ಕೆ. ಒಂದು ಘಟನೆ ತೆಗೆದುಕೊಳ್ಳಿ. ಅಲ್ಲಿಂದ ಒಂದೊಂದೇ ಬಾಣ ಹಾಕುತ್ತಾ ಹೋಗಿ. ಪ್ರತಿ ಬಾಣದ ಪಕ್ಕದಲ್ಲಿ ಏರಿತೋ ಇಳಿಯಿತೋ ಅಂತ ಬರೆಯಬೇಕು, ಮತ್ತು ಯಾಕೆ ಅಂತ ಬಾಯಲ್ಲಿ ಹೇಳಬೇಕು.

ಮೊದಲ ಸರಪಳಿಯನ್ನು ನಿಮ್ಮ ಮೈಮೇಲೇ ಮಾಡಿ. ಹಾಸ್ಟೆಲ್ ಮಂಚದ ಮೇಲೆ 5 ನಿಮಿಷ ಅಲ್ಲಾಡದೆ ಮಲಗಿ. ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಈಗ ಎದ್ದು ನಿಲ್ಲಿ, ತಕ್ಷಣ ಮತ್ತೆ ಎಣಿಸಿ. ಅಂಕಿ ಏರಿರುತ್ತದೆ. ಯಾಕೆ?

ನಿಂತಾಗ ಅರ್ಧ ಲೀಟರಿನಷ್ಟು ರಕ್ತ ಕಾಲಿನ ಕಡೆಯ ರಕ್ತನಾಳಗಳಲ್ಲಿ ಉಳಿಯುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಇಳಿಯಿತು. ಹೃದಯ ಕಡಿಮೆ ತುಂಬಿತು, ಹಾಗಾಗಿ ಒಂದು ಬಡಿತಕ್ಕೆ ಹೊರಗೆ ದೂಡುವುದು ಇಳಿಯಿತು. ನಿಮಿಷಕ್ಕೆ ದೂಡುವುದೂ ಇಳಿಯಿತು. ಕುತ್ತಿಗೆಯ ಕೆರೋಟಿಡ್ ಸೈನಸ್ಸಿನಲ್ಲಿ (ಮೆದುಳಿಗೆ ಹೋಗುವ ರಕ್ತನಾಳದ ಉಬ್ಬಿದ ಭಾಗ) ಒತ್ತಡ ಇಳಿಯಿತು. ಅಲ್ಲಿರುವ ಬ್ಯಾರೋರಿಸೆಪ್ಟರುಗಳು (ಒತ್ತಡ ಗುರುತಿಸುವ ನರತುದಿಗಳು) ಕಡಿಮೆ ಹಿಗ್ಗಿದವು.

ಇಲ್ಲಿ ನಿಲ್ಲಿ. ಮುಂದಿನ ಬಾಣ ಏರುವುದೋ ಇಳಿಯುವುದೋ? "ಬಿಪಿ ಇಳಿಯಿತು, ಬ್ಯಾರೋರಿಸೆಪ್ಟರ್ ಪ್ರಚೋದನೆಯಾಯಿತು" ಅಂತ ಬರೆಯುವವರೇ ಜಾಸ್ತಿ. ತಪ್ಪು. ಅವು ಹಿಗ್ಗಿದಾಗ ಹೆಚ್ಚು ಸಂದೇಶ ಕಳಿಸುತ್ತವೆ. ಈಗ ಹಿಗ್ಗುವುದು ಕಡಿಮೆಯಾಗಿದೆ, ಹಾಗಾಗಿ ಒಂಬತ್ತನೇ ಕಪಾಲ ನರದಲ್ಲಿ ಹೋಗುವ ಸಂದೇಶ ಇಳಿಯುತ್ತದೆ. ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ಇದನ್ನು ಓದಿ, ಬಡಿತ ನಿಧಾನ ಮಾಡುವ ವೇಗಸ್ ನರದ ಹಿಡಿತ ಸಡಿಲಿಸುತ್ತದೆ, ಬಡಿತ ಏರಿಸುವ ಸಿಂಪಥೆಟಿಕ್ ನರಗಳನ್ನು ಚುರುಕು ಮಾಡುತ್ತದೆ. ಬಡಿತ ಏರಿತು, ರಕ್ತನಾಳ ಬಿಗಿಯಾಯಿತು, ಒತ್ತಡ ವಾಪಸ್ ಬಂತು. ಆ ಒಂದು ಬಾಣ ತಿರುಗಿದರೆ ಉಳಿದ ಎಲ್ಲ ಬಾಣವೂ ತಿರುಗುತ್ತದೆ.

ಸರಪಳಿ ಬರೆದ ಮೇಲೆ ಪಕ್ಕದಲ್ಲಿ ಗಡಿಯಾರ ಹಾಕಿ. ಬ್ಯಾರೋರಿಸೆಪ್ಟರ್ ಕೆಲಸ ಸೆಕೆಂಡುಗಳಲ್ಲಿ. ರಕ್ತನಾಳ ಬಿಗಿ ಮಾಡುವ ರೆನಿನ್-ಆಂಜಿಯೋಟೆನ್ಸಿನ್ ನಿಮಿಷಗಳಲ್ಲಿ. ಉಪ್ಪು ಹಿಡಿದಿಡುವ ಹಾರ್ಮೋನು ಅಲ್ಡೋಸ್ಟಿರೋನ್ ಗಂಟೆಗಳಲ್ಲಿ. ಕಿಡ್ನಿ ಉಪ್ಪು-ನೀರು ಹಿಡಿದು ಸರಿಮಾಡುವುದು ಗಂಟೆ, ದಿನಗಳ ಲೆಕ್ಕದಲ್ಲಿ. ಪರೀಕ್ಷೆಯಲ್ಲಿ ಇವೆಲ್ಲವನ್ನೂ ಒಟ್ಟಿಗೆ ಕಲಸಿ ಬರೆದವರಿಗೆ ಅಂಕ ಹೋಗುತ್ತದೆ. ಮುಂದೆ ವಾರ್ಡಿನಲ್ಲಿ ರಕ್ತ ಸುರಿಯುತ್ತಿರುವ ರೋಗಿಯ ಎದುರು ನಿಂತಾಗ ಯಾವುದು ಮೊದಲು ಅನ್ನುವುದು ಗೊತ್ತಿರಲೇಬೇಕು, ಅಲ್ವಾ?

ಕೊನೆಗೆ ಸರಪಳಿಯನ್ನು ಉಲ್ಟಾ ಓಡಿಸಿ. ಬಿಪಿ ಇಳಿಯುವ ಬದಲು ಏರಿದರೆ? ಉಲ್ಟಾ ಹೇಳಲು ಬರದಿದ್ದರೆ ಸರಪಳಿ ಬಾಯಿಪಾಠ ಆಗಿದೆ ಅಂತ ಅರ್ಥ. ಹರಿದು ಹಾಕಿ, ಮತ್ತೆ ಬರೆಯಿರಿ.

ಇದೇ ರೀತಿ ಮಾಡಬೇಕಾದ ಬೇರೆ ಕೆಲವು: ಕಾರವಾರದ ಮೇ ತಿಂಗಳ ಸೆಖೆಯಲ್ಲಿ ಬೆವರು ಹರಿದರೂ ಮೈ ತಣಿಯುವುದಿಲ್ಲ ಯಾಕೆ (ಮೈ ತಣಿಸುವುದು ಬೆವರು ಆರುವಿಕೆ, ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆರುವುದಿಲ್ಲ), ಎರಡು ಲೀಟರ್ ನೀರು ಒಂದೇ ಸಲ ಕುಡಿದರೆ ಏನಾಗುತ್ತದೆ, ಉಪವಾಸದ ದಿನ ರಕ್ತದ ಸಕ್ಕರೆ ಅಂಶ ಇಳಿದುಹೋಗದೆ ಹೇಗೆ ಉಳಿಯುತ್ತದೆ.

ಹಂತ 4: ಗ್ರಾಫ್ ನೋಡಬೇಡಿ, ಬಿಡಿಸಿ

ಐದು ಗ್ರಾಫ್ ಕೈಗೆ ಬಂದರೆ ಅರ್ಧ ವಿಷಯ ಬಂದ ಹಾಗೆ: ಆಕ್ಷನ್ ಪೊಟೆನ್ಷಿಯಲ್ (ಪೊರೆಯ ವೋಲ್ಟೇಜ್ ಕ್ಷಣಮಾತ್ರ ಏರಿಳಿಯುವುದು), ಸ್ನಾಯುವಿನ ಉದ್ದ ಮತ್ತು ಬಲದ ಸಂಬಂಧ, ಹೃದಯದ ಒಂದು ಸುತ್ತು, ಉಸಿರಿನ ಅಳತೆಗಳು, ಹಿಮೋಗ್ಲೋಬಿನ್-ಆಮ್ಲಜನಕದ ಗೆರೆ. ಮೊದಲು ಎರಡು ಅಕ್ಷ ಎಳೆಯಿರಿ, ಹೆಸರು ಮತ್ತು ಯುನಿಟ್ ಬರೆಯಿರಿ, ಆಮೇಲೆ ಗೆರೆ. ಗೆರೆ ಮೊದಲು ಎಳೆದವರು ಅಕ್ಷಕ್ಕೆ ಹೆಸರಿಡುವುದನ್ನು ಮರೆತೇ ಮರೆಯುತ್ತಾರೆ.

ಆಮ್ಲಜನಕದ ಗೆರೆಗೆ ನಾಲ್ಕು ಚುಕ್ಕೆ ಸಾಕು. ಆಮ್ಲಜನಕದ ಒತ್ತಡ 100 ಮಿಲಿಮೀಟರ್ ಪಾದರಸ ಇದ್ದಾಗ ಹಿಮೋಗ್ಲೋಬಿನ್ ಶೇ. 97ರಷ್ಟು ತುಂಬಿರುತ್ತದೆ. 60ಕ್ಕೆ ಸುಮಾರು ಶೇ. 90. 40ಕ್ಕೆ ಶೇ. 75. 27ಕ್ಕೆ ಅರ್ಧ. ಚುಕ್ಕೆ ಸೇರಿಸಿದರೆ ಗೆರೆ ತಾನಾಗಿ ಬರುತ್ತದೆ. 60ರ ಮೇಲೆ ಚಪ್ಪಟೆ, ಕೆಳಗೆ ಕಡಿದು ಇಳಿಜಾರು. ಗೆರೆ ಬಲಕ್ಕೆ ಸರಿದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಮಕ್ಕಳು "ಹೆಚ್ಚು ಹಿಡಿಯುತ್ತದೆ" ಅಂತ ಬರೆಯುತ್ತಾರೆ. ಶಿರಸಿ ತೋಟದಲ್ಲಿ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ತೊಡೆಯ ಸ್ನಾಯು ನೆನಪಿಸಿಕೊಳ್ಳಿ. ಬಿಸಿಯಾಗಿದೆ, ಕಾರ್ಬನ್ ಡೈಆಕ್ಸೈಡ್ ಏರಿದೆ, ಆಮ್ಲ ಏರಿದೆ. ಈ ಮೂರೂ ಗೆರೆಯನ್ನು ಬಲಕ್ಕೆ ತಳ್ಳುತ್ತವೆ. ಆ ಸ್ನಾಯುವಿಗೆ ಆ ಹೊತ್ತಿಗೆ ಬೇಕಾದದ್ದೂ ಆಮ್ಲಜನಕವೇ.

ಹೃದಯದ ಸುತ್ತು ಬಿಡಿಸುವಾಗ ಬಾವಿಯ ಪಂಪಿನ ಫುಟ್‌ವಾಲ್ವ್ ಮನಸ್ಸಿನಲ್ಲಿರಲಿ. ಅದು ತಾನಾಗಿ ತೆರೆಯುವುದಿಲ್ಲ. ಎರಡು ಬದಿಯ ಒತ್ತಡದ ವ್ಯತ್ಯಾಸ ತೆರೆಯುತ್ತದೆ, ಮುಚ್ಚುತ್ತದೆ. ಹೃದಯದ ಕವಾಟವೂ ಹಾಗೇ. ಎಡ ಕುಹರದ ಒತ್ತಡ ಮಹಾಧಮನಿಯ 80ನ್ನು ದಾಟಿದ ಕ್ಷಣ ಕವಾಟ ತೆರೆಯುತ್ತದೆ. ಅದಕ್ಕೆ ಮೊದಲು ಸುಮಾರು 0.05 ಸೆಕೆಂಡ್ ಎರಡೂ ಬಾಗಿಲು ಮುಚ್ಚಿರುತ್ತವೆ, ಒತ್ತಡ ಏರುತ್ತದೆ, ರಕ್ತದ ಪ್ರಮಾಣ ಬದಲಾಗುವುದಿಲ್ಲ. ಈ ತುಂಡನ್ನು ಬೇರೆ ಬಣ್ಣದಲ್ಲಿ ಬಿಡಿಸಿ.

ಹಂತ 5: ಲ್ಯಾಬ್ ಕೆಲಸವನ್ನು ಕೈಗೆ ಕಲಿಸಿ

ಪ್ರಾಕ್ಟಿಕಲ್ ರೆಕಾರ್ಡ್ ಕಾಪಿ ಮಾಡಿದವರು ಪರೀಕ್ಷೆಯ ದಿನ ಮೈಕ್ರೋಸ್ಕೋಪಿನ ಮುಂದೆ ಕೂತು ಬೆವರುತ್ತಾರೆ. ರಕ್ತಕಣ ಎಣಿಕೆಯಲ್ಲಿ ಎಲ್ಲಿ ಎಡವುತ್ತಾರೆ ಅಂತ ಹೇಳುತ್ತೇನೆ.

ಚುಚ್ಚುವುದು ಉಂಗುರ ಬೆರಳಿನ ಬದಿಗೆ, ಸ್ಪಿರಿಟ್ ಪೂರ್ತಿ ಆರಿದ ಮೇಲೆ. ಮೊದಲ ಹನಿ ಒರೆಸಿ. ರಕ್ತ ಬರಲಿಲ್ಲ ಅಂತ ಬೆರಳು ಹಿಂಡಬೇಡಿ. ಹಿಂಡಿದರೆ ಅಂಗಾಂಶದ ನೀರು ಸೇರಿ ಎಣಿಕೆ ಕಡಿಮೆ ಬರುತ್ತದೆ. ಕೆಂಪು ಕಣದ ಪಿಪೆಟ್ಟಿನಲ್ಲಿ ರಕ್ತ 0.5ರ ಗುರುತಿನವರೆಗೆ, ರಕ್ತ ತೆಳು ಮಾಡುವ ಹೇಯಮ್ಸ್ ದ್ರಾವಣ 101ರವರೆಗೆ. ಬಿಳಿ ಕಣಕ್ಕೆ ರಕ್ತ 0.5, ಟರ್ಕ್ಸ್ ದ್ರಾವಣ 11. ಅಂಗೈಗಳ ನಡುವೆ ಪಿಪೆಟ್ ಹೊರಳಿಸಿ ಬೆರೆಸಿ. ಚೇಂಬರಿಗೆ (ಎಣಿಸಲು ಚೌಕ ಕೊರೆದ ಗಾಜು) ಹಾಕುವ ಮೊದಲು ಎರಡು ಹನಿ ಚೆಲ್ಲಿ, ಯಾಕೆಂದರೆ ಪಿಪೆಟ್ಟಿನ ಕಾಂಡದಲ್ಲಿರುವುದು ಬರೀ ದ್ರಾವಣ, ರಕ್ತ ಸೇರಿದ್ದಲ್ಲ.

"ಮೇಡಂ, ಏನೂ ಕಾಣ್ತಾ ಇಲ್ಲ" ಅನ್ನುವ ದೂರು ಬಂದಾಗ ನಾನು ಮೊದಲು ನೋಡುವುದು ಬೆಳಕನ್ನು. ಬೆಳಕು ಜಾಸ್ತಿ ಇದ್ದರೆ ಚೌಕದ ಗೆರೆಗಳು ಮಾಯವಾಗುತ್ತವೆ. ಮೈಕ್ರೋಸ್ಕೋಪಿನ ಕಂಡೆನ್ಸರ್ (ಬೆಳಕು ಕೂಡಿಸುವ ಮಸೂರ) ಕೆಳಗಿಳಿಸಿ, ಡಯಾಫ್ರಮ್ (ಬೆಳಕಿನ ಕಿಂಡಿ) ಕಿರಿದು ಮಾಡಿ, ಗೆರೆ ಎದ್ದು ಕಾಣುತ್ತದೆ. ಗೆರೆಯ ಮೇಲೆ ಕೂತ ಕಣಕ್ಕೆ ಒಂದೇ ನಿಯಮ: ಎಡ ಮತ್ತು ಮೇಲಿನ ಗೆರೆಯದ್ದು ಲೆಕ್ಕಕ್ಕೆ, ಬಲ ಮತ್ತು ಕೆಳಗಿನದ್ದು ಬಿಡಿ.

ಮಳೆಗಾಲದಲ್ಲಿ ಕರಾವಳಿಯ ಲ್ಯಾಬಿನಲ್ಲಿ ರಕ್ತದ ಲೇಪ ಬೇಗ ಒಣಗುವುದಿಲ್ಲ. ನಿಧಾನ ಒಣಗಿದರೆ ಕಣಗಳ ಆಕಾರ ಕೆಡುತ್ತದೆ. ಸ್ಲೈಡನ್ನು ಗಾಳಿಯಲ್ಲಿ ಬೀಸಿ ಒಣಗಿಸಿ, ಆಮೇಲೆ ಲೀಶ್ಮನ್ ಬಣ್ಣ ಹಾಕಿ. ಮೊದಲ 2 ನಿಮಿಷ ಬಣ್ಣ ಮಾತ್ರ, ನಂತರ ಅದರ ಎರಡರಷ್ಟು ಬಫರ್ ನೀರು, 8ರಿಂದ 10 ನಿಮಿಷ.

ಬಿಪಿ ನೋಡುವಾಗ ಮೊದಲು ನಾಡಿ ಹಿಡಿದು ಮೇಲಿನ ಅಂಕಿ ಅಂದಾಜು ಮಾಡಿ, ಆಮೇಲೆ ಸ್ಟೆತಸ್ಕೋಪ್. ಈ ಮೊದಲ ಹೆಜ್ಜೆ ಬಿಟ್ಟವರು ಕೆಲವು ರೋಗಿಗಳಲ್ಲಿ ಸದ್ದು ನಡುವೆ ನಿಂತು ಮತ್ತೆ ಬರುವುದನ್ನು ತಿಳಿಯದೆ ತಪ್ಪು ಅಂಕಿ ಬರೆಯುತ್ತಾರೆ. ತೋಳಿನ ಪಟ್ಟಿಯ ಗಾಳಿ ಬಿಡುವುದು ಪಾದರಸ ಸೆಕೆಂಡಿಗೆ 2-3 ಮಿಲಿಮೀಟರ್ ಇಳಿಯುವ ಹಾಗೆ, ಅದಕ್ಕಿಂತ ಬೇಗ ಬೇಡ.

ಒಬ್ಬರಿಗೆ ಚುಚ್ಚಿದ ಲ್ಯಾನ್ಸೆಟ್ ಇನ್ನೊಬ್ಬರಿಗೆ ಯಾವ ಕಾರಣಕ್ಕೂ ಬೇಡ. ಗೆಳೆಯರೇ ಆದರೂ ಬೇಡ.

ಹಂತ 6: ಮೊದಲು ಮನೆಮಾತಿನಲ್ಲಿ ಹೇಳಿ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ವಾಕ್ಯಗಳನ್ನೇ ಬಾಯಿಪಾಠ ಮಾಡುತ್ತಾರೆ. ಒಂದು ಪದ ತಪ್ಪಿದರೆ ಇಡೀ ಉತ್ತರ ಕುಸಿಯುತ್ತದೆ. ಕನ್ನಡವೋ ಕೊಂಕಣಿಯೋ ಹವ್ಯಕವೋ, ಮನೆಯಲ್ಲಿ ಆಡುವ ಮಾತಿನಲ್ಲಿ ಮೊದಲು ಜೋರಾಗಿ ಹೇಳಿ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ.

ಶಿರಸಿ ಕಡೆಯ ಒಬ್ಬ ಹುಡುಗಿ ರಾತ್ರಿ ಫೋನಿನಲ್ಲಿ ಆಯಿಗೆ (ಅಮ್ಮನಿಗೆ) ಪಾಠ ಹೇಳುತ್ತಿದ್ದಳು. ದೇವಿಮನೆ ಘಟ್ಟದಲ್ಲಿ ಬಸ್ಸು ಹೋಗುವಾಗ ಕಿವಿ ಕಟ್ಟುವುದು ಯಾಕೆ ಅನ್ನುವುದು ಅವತ್ತಿನ ವಿಷಯ. ಹೊರಗಿನ ಗಾಳಿಯ ಒತ್ತಡ ಬದಲಾಗುತ್ತದೆ, ಕಿವಿಯ ಒಳಗಿನದ್ದು ಹಾಗೇ ಉಳಿಯುತ್ತದೆ, ಗಂಟಲಿಗೆ ಹೋಗುವ ಕೊಳವೆ ಎಂಜಲು ನುಂಗಿದಾಗ ತೆರೆದು ಸರಿಹೋಗುತ್ತದೆ. ಎಲ್ಲ ಕೇಳಿಸಿಕೊಂಡು ಆಯಿ ಕೇಳಿದರಂತೆ: "ಘಟ್ಟ ಇಳಿಯಕಾರೆ ಎಂತಕ್ಕೆ ಜಾಸ್ತಿ ಕಟ್ತು?" ಹುಡುಗಿಗೆ ಗೊತ್ತಿರಲಿಲ್ಲ. ಆ ರಾತ್ರಿಯೇ ಪುಸ್ತಕ ತೆಗೆದಳು. ಕೊಳವೆಯ ಮೂಲಕ ಗಾಳಿ ಕಿವಿಯಿಂದ ಹೊರಗೆ ಸುಲಭವಾಗಿ ಬರುತ್ತದೆ, ಒಳಗೆ ಹೋಗುವುದು ಕಷ್ಟ. ಇಳಿಯುವಾಗ ಒಳಗೆ ಹೋಗಬೇಕಾಗುತ್ತದೆ. ಆ ವರ್ಷ ಕಿವಿಯ ಪಾಠ ಅವಳಿಗೆ ಮತ್ತೆ ಓದಬೇಕಾಗಿ ಬರಲಿಲ್ಲ.

ಹಂತ 7: ವಾರದ ಲೆಕ್ಕ

ಕ್ಲಾಸ್ ಆದ ದಿನವೇ ಸಂಜೆ 40 ನಿಮಿಷ, ಪುಸ್ತಕ ಮುಚ್ಚಿ ಒಂದು ಸರಪಳಿ, ಒಂದು ಗ್ರಾಫ್. ಭಾನುವಾರ ಆ ವಾರದ್ದೆಲ್ಲ ಹಳೆ ಕ್ಯಾಲೆಂಡರಿನ ಒಂದೇ ಹಾಳೆಯ ಮೇಲೆ. ದೊಡ್ಡ ಪ್ರಶ್ನೆಗೆ ಉತ್ತರ ಬರೆಯುವಾಗ ಮೊದಲು ವ್ಯಾಖ್ಯೆ ಮತ್ತು ಸಾಮಾನ್ಯ ಅಂಕಿ, ಆಮೇಲೆ ಚಿತ್ರ, ಆಮೇಲೆ ಸರಪಳಿ, ಕೊನೆಗೆ ಕಾಯಿಲೆಯಲ್ಲಿ ಏನಾಗುತ್ತದೆ ಅನ್ನುವುದು.

ಈ ಲಕ್ಷಣ ಕಂಡರೆ ಅಲ್ಲಿಗೇ ನಿಲ್ಲಿ

ಪುಟ ಪೂರ್ತಿ ಬಣ್ಣ ಬಳಿದಿದೆ, ಆದರೆ ನೋಟ್‌ಬುಕ್‌ನಲ್ಲಿ ಒಂದೂ ಚಿತ್ರ ಇಲ್ಲ. ಓದುವಾಗ ಎಲ್ಲ ಗೊತ್ತಿದೆ ಅನಿಸುತ್ತದೆ, ಗೆಳತಿ ಕೇಳಿದರೆ ಎರಡನೇ ವಾಕ್ಯಕ್ಕೆ ಮಾತು ನಿಲ್ಲುತ್ತದೆ. ವಿಡಿಯೋ ನೋಡಿದ್ದೇ ಓದು ಅಂತ ಲೆಕ್ಕ ಹಾಕುತ್ತಿದ್ದೀರಿ. "ಇದು ಪರೀಕ್ಷೆಗೆ ಬರಲ್ಲ" ಅಂತ ಜನರಲ್ ಫಿಸಿಯಾಲಜಿ ಬಿಟ್ಟಿದ್ದೀರಿ. ಇವುಗಳಲ್ಲಿ ಎರಡು ಕಂಡರೂ ಮುಂದಿನ ಪಾಠಕ್ಕೆ ಹೋಗದೆ ಹಂತ 3ಕ್ಕೆ ವಾಪಸ್ ಬನ್ನಿ. ರಾತ್ರಿ ನಿದ್ದೆ ಬರದೆ, ಊಟ ಸೇರದೆ ವಾರಗಳು ಕಳೆದಿದ್ದರೆ ಅದು ಓದಿನ ಸಮಸ್ಯೆ ಮಾತ್ರ ಅಲ್ಲ. ಮನೆಯವರಿಗೆ, ನಂಬಿಕೆಯ ಅಧ್ಯಾಪಕರಿಗೆ ಅವತ್ತೇ ಹೇಳಿ.

ಈಗಾಗಲೇ ಒಂದು ಇಂಟರ್ನಲ್ಸ್ ಹೋಗಿದ್ದರೆ

ಮೂರು ವಾರ ಸಾಕು. ಮೊದಲ ವಾರ ಪೊರೆ ಮತ್ತು ಅಯಾನು, ಹಂತ 1ರ ಪ್ರಕಾರ. ಎರಡನೇ ವಾರ ನೀವು ಫೇಲಾದ ಅಧ್ಯಾಯದ ಮೂರು ಸರಪಳಿ, ಎರಡು ಗ್ರಾಫ್, ಬೇರೇನೂ ಬೇಡ. ಮೂರನೇ ವಾರ ಅದೇ ಪ್ರಶ್ನೆಪತ್ರಿಕೆಯನ್ನು ಪುಸ್ತಕ ಮುಚ್ಚಿ, ಗಡಿಯಾರ ಇಟ್ಟು ಮತ್ತೆ ಬರೆಯಿರಿ. ಬರೆದ ಹಾಳೆ ಹಿಡಿದು ನಿಮ್ಮ ಅಧ್ಯಾಪಕರ ಹತ್ತಿರ ಹೋಗಿ. "ಎಷ್ಟು ಅಂಕ ಬರುತ್ತದೆ?" ಅಂತ ಕೇಳಬೇಡಿ. "ಸರ್, ಇದರಲ್ಲಿ ಯಾವ ಬಾಣ ತಪ್ಪಾಗಿದೆ?" ಅಂತ ಕೇಳಿ, ಅವರು ತೋರಿಸಿದ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.